ಒಂದು ಹಿಡಿ ಹಳೆಯ ಕೊಳೆ

ಎಲ್ಲಕ್ಕೂ ಕಾರಣ ಅಂಗೈಯಗಲದ ಒಂದು ಸ್ಪಂಜು.

ಬೆಳಿಗ್ಗೆ ಒಂಬತ್ತೂವರೆಯವರೆಗೆ ಅದು ಗಾಜಿನ ತೊಟ್ಟಿಯ ಮೂಲೆಯಲ್ಲಿ, ಗಾಳಿ ಊದುವ ಕೊಳವೆಗೆ ಅಂಟಿಕೊಂಡು, ಗುಳುಗುಳು ಎನ್ನುತ್ತ ಕೂತಿತ್ತು. ಬಣ್ಣ ಕಂದು. ಮುಟ್ಟಿದರೆ ಲೋಳೆ. ಹಿಂಡಿದರೆ ಹೊರಬರುವುದನ್ನು ಊಟದ ಹೊತ್ತಿನಲ್ಲಿ ವರ್ಣಿಸುವಂತಿರಲಿಲ್ಲ. ಗ್ರಂಥಪಾಲನ ಪಾಲಿಗೆ ಆ ಮೂರನೇ ಮಹಡಿಯ ಮನೆಯಲ್ಲಿದ್ದ ಅತ್ಯಂತ ಬೆಲೆಬಾಳುವ ವಸ್ತು ಅದೇ. ಹತ್ತು ಗಂಟೆಗೆ ಅವನು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಹೊರಬಂದಾಗ ಅದು ಬಟ್ಟೆ ಒಣಹಾಕುವ ತಂತಿಯ ಮೇಲೆ, ಎರಡು ಕ್ಲಿಪ್ಪುಗಳ ನಡುವೆ, ಆಗಷ್ಟೇ ಹುಟ್ಟಿದ ಹಾಗೆ ಬೆಳ್ಳಗೆ ನೇತಾಡುತ್ತಿತ್ತು.

"ಕುದಿಯೋ ನೀರಲ್ಲಿ ಇಪ್ಪತ್ತು ನಿಮಿಷ," ಎಂದರು ಎದುರುಮನೆಯ ನರ್ಸಮ್ಮ, ಕೈ ಒರೆಸಿಕೊಳ್ಳುತ್ತ. "ಆಮೇಲೆ ಎರಡು ಮುಚ್ಚಳ ಔಷಧಿ. ಈಗ ಇದನ್ನ ಬೇಕಾದ್ರೆ ಆಪರೇಷನ್ ಮಾಡೋವಾಗ ಹೊಟ್ಟೆ ಒಳಗೇ ಇಡಬಹುದು. ಅಷ್ಟು ಕ್ಲೀನು."

ಗ್ರಂಥಪಾಲನ ತಲೆಯ ಮೇಲಿದ್ದ ಟವಲು ಜಾರಿ ನೆಲಕ್ಕೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

"ಯಾರು ಹೇಳಿದ್ರು ನಿಮಗೆ ತೊಳೀರಿ ಅಂತ?"

"ಯಾರೂ ಹೇಳ್ಲಿಲ್ಲ. ಅದೇ ನನಗೆ ಬೇಜಾರು. ನಿನ್ನೆ ನಿಮ್ಮ ಹೆಂಡತಿ ಮೆಟ್ಟಿಲ ಹತ್ರ ಸಿಕ್ಕಿ, 'ನಮ್ಮನೆಯವರು ತೊಟ್ಟೀಲಿ ಬ್ಯಾಕ್ಟೀರಿಯಾ ಸಾಕ್ತಿದಾರೆ' ಅಂದ್ಲು. ನಾಯಿ ಸಾಕ್ತಿದಾರೆ ಅನ್ನೋ ಹಾಗೆ! ಮೂವತ್ತೊಂದು ವರ್ಷ ಆಪರೇಷನ್ ಥಿಯೇಟರಲ್ಲಿ ಇದ್ದೋಳು ನಾನು. ನನ್ನ ಎದುರುಮನೇಲೇ ಹೀಗಾದ್ರೆ? ಅದೂ ವಯಸ್ಸಾದೋರು ಇವತ್ತು ಬಂದಿಳಿಯೋ ಮನೇಲಿ!"

ಇಪ್ಪತ್ತಾರು ದಿನ ಸಾಕಿದ್ದು ಇಪ್ಪತ್ತು ನಿಮಿಷದಲ್ಲಿ ಬೆಂದುಹೋಗಿತ್ತು.

"ಆ ಗಿಡದ ಕಡ್ಡಿಗಳನ್ನೂ ಒಂದೊಂದಾಗಿ ಒರೆಸೋಣ ಅಂತಿದ್ದೆ," ಎಂದರು ನರ್ಸಮ್ಮ. "ನೀವು ಸ್ನಾನದಿಂದ ಬೇಗ ಬಂದುಬಿಟ್ರಿ."

*

ಆ ದಿನ ಸಂಜೆ ಐದಕ್ಕೆ ಅವನ ಅತ್ತೆ ಮಾವ ಬರುವವರಿದ್ದರು. ಊರಿನ ಆಚೆ ತುದಿಯಲ್ಲಿದ್ದ ಅವರ ಮನೆಯ ನೆಲವನ್ನೆಲ್ಲ ಅಗೆದು ಹೊಸ ಕೊಳಾಯಿ ಹಾಕಿಸಬೇಕಾಗಿತ್ತು. ಮೂರು ತಿಂಗಳ ಕೆಲಸ. ಅತ್ತೆಯ ಜೊತೆ ದೊರೆ ಬರುತ್ತಿದ್ದ. ದೊರೆ ಎಂದರೆ ಅತ್ತೆ ಒಂಬತ್ತು ವರ್ಷದಿಂದ ಸಾಕಿದ ಒಂದೇ ಒಂದು ಗೋಲ್ಡ್ ಫಿಶ್. ಅತ್ತೆ ಮೀನನ್ನು ದೊರೆ ಎಂದೂ ಗಂಡನನ್ನು 'ಇವರು' ಎಂದೂ ಕರೆಯುತ್ತಿದ್ದರು.

ಬೇರೆ ಅಳಿಯನಾಗಿದ್ದರೆ ಒಂದು ಬಕೆಟ್ ನೀರು ತುಂಬಿ ಸುಮ್ಮನಿರುತ್ತಿದ್ದ. ಇವನಿಗೆ ಹಾಗೆ ಇರುವಂತಿರಲಿಲ್ಲ. ಏಳು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಅತ್ತೆಯ ಗಿಳಿಗೆ ಕಾಳು ಹಾಕಲೆಂದು ಪಂಜರದ ಬಾಗಿಲು ತೆಗೆದವನು ಇವನೇ. ಗಿಳಿ ಹೊರಬಂದು, ಅವನ ಭುಜದ ಮೇಲೆ ಕೂತು, 'ಊಟ ಆಯ್ತಾ?' ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಕಿಟಕಿಯಿಂದ ಹೊರಟುಹೋಗಿತ್ತು. ಅಂದಿನಿಂದ ಅತ್ತೆಯ ಬಾಯಲ್ಲಿ ಅವನು ಅಳಿಯ ಅಲ್ಲ, ಬರೀ ಮಗಳ ಗಂಡ. ನೆಂಟರ ಎದುರಿಗೆ 'ಗಿಳಿ ಹಾರಿಸಿದವರು.' ಅವರ ಮನೆಗೆ ಹೋದರೆ ಮೀನಿನ ತೊಟ್ಟಿಯಿಂದ ಎರಡು ಮಾರು ದೂರ ಕೂರಬೇಕು. ಏಳು ವರ್ಷದಲ್ಲಿ ಅವನು ದೊರೆಯನ್ನು ಕಂಡದ್ದು ದೂರದ ಒಂದು ಕಿತ್ತಳೆ ಬಣ್ಣದ ಚುಕ್ಕೆಯಾಗಿ ಮಾತ್ರ.

"ಈ ಮೂರು ತಿಂಗಳಲ್ಲಿ ದೊರೆಗೆ ಏನಾದ್ರೂ ಆಯ್ತೋ, ನಾನು ನಿಮ್ಮ ಪರ ನಿಲ್ಲಲ್ಲ. ಮೊದಲೇ ಹೇಳಿಬಿಟ್ಟಿದೀನಿ," ಎಂದಿದ್ದಳು ಹೆಂಡತಿ.

"ಏನೂ ಆಗದೆ ಇದ್ರೆ?"

ಅವಳು ಸ್ವಲ್ಪ ಯೋಚಿಸಿದ್ದಳು. "ಆಗದೆ ಇದ್ರೆ ಗಿಳಿ ವಿಷಯ ಮುಗೀಬಹುದು."

ಗ್ರಂಥಪಾಲನಿಗೆ ಬೇಕಾಗಿದ್ದದ್ದು ಅಷ್ಟೇ. ದೊಡ್ಡ ಆಸೆಗಳ ವಯಸ್ಸು ಅವನಿಗೆ ಮುಗಿದಿತ್ತು. ಗಿಳಿ ವಿಷಯ ಮುಗಿಯಬೇಕು.

ಅವನು ಯಾವ ಕೆಲಸವನ್ನೂ ಪುಸ್ತಕ ನೋಡದೆ ಶುರುಮಾಡುವವನಲ್ಲ. ಅಕ್ವೇರಿಯಂ ಬಗ್ಗೆ ಅವನ ಗ್ರಂಥಾಲಯದಲ್ಲಿ ಇದ್ದದ್ದು ಒಂದೇ ಪುಸ್ತಕ; ಅದರಲ್ಲೂ ನಲವತ್ತಮೂರು, ನಲವತ್ತನಾಲ್ಕನೇ ಪುಟಗಳ ಹಾಳೆಯನ್ನು ಯಾವನೋ ಪುಣ್ಯಾತ್ಮ ಹರಿದುಕೊಂಡು ಹೋಗಿದ್ದ. ಉಳಿದ ಪುಟಗಳು ಹೇಳಿದ್ದು ಇಷ್ಟು: ಹೊಸ ತೊಟ್ಟಿಗೆ ಎಂದೂ ತಕ್ಷಣ ಮೀನು ಬಿಡಬಾರದು. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ಆ ವಿಷವನ್ನು ತಿನ್ನುವ ಸೂಕ್ಷ್ಮಜೀವಿಗಳು ಮೊದಲು ಸ್ಪಂಜಿನಲ್ಲಿ ಮನೆಮಾಡಬೇಕು. ಅವು ಬೆಳೆಯಲು ಸುಮಾರು ಒಂದು ತಿಂಗಳು. ಅಲ್ಲಿಯವರೆಗೆ ಅವುಗಳ ಹೊಟ್ಟೆಗೆ ಬೇಕಲ್ಲ, ಆದ್ದರಿಂದ ಮೀನಿಲ್ಲದ ನೀರಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಬೇಕು. ಮೊದಲ ದಿನವೇ ಜೀವಂತ ಗಿಡಗಳನ್ನೂ ನೆಡಬೇಕು. ಅವುಗಳ ಎಲೆಗಳು ಮೊದಮೊದಲು ಕೊಳೆತು ಕರಗುತ್ತವೆ. ಗಾಬರಿಯಾಗಬಾರದು. ಕಿತ್ತು ಎಸೆಯಬಾರದು. ಕಾಯಬೇಕು.

ಅವನು ಹದಿನಾಲ್ಕು ಗಿಡ ತಂದ. ನೀರೊಳಗೆ ಗಿಡ ನೆಡುವುದೆಂದರೆ ಹಟಮಾರಿ ಮಗುವನ್ನು ಮಲಗಿಸಿದ ಹಾಗೆ. ಒಂದನ್ನು ಜಲ್ಲಿಯೊಳಗೆ ಒತ್ತಿ ಕೈ ತೆಗೆದರೆ ಇನ್ನೊಂದು ಎದ್ದು ತೇಲುತ್ತಿತ್ತು. ಮೊಣಕೈ ಮುಳುಗಿಸಿ, ಚಿಮಟ ಹಿಡಿದು, ಅವನು ಎರಡು ಭಾನುವಾರ ಕಳೆದ. ಹತ್ತು ದಿನದಲ್ಲಿ ಎಲೆಗಳೆಲ್ಲ ಹಳದಿಯಾಗಿ, ಆಮೇಲೆ ಗಾಜಿನಂತಾಗಿ, ಆಮೇಲೆ ಇಲ್ಲವಾದವು. ಉಳಿದದ್ದು ಕಂದು ನೀರು, ಕಡ್ಡಿಗಳು, ಗುಳುಗುಳು.

"ಮೀನು ಎಲ್ಲಿ?" ಎಂದು ಬಂದವರೆಲ್ಲ ಕೇಳಿದರು.

"ಇನ್ನೂ ಬಂದಿಲ್ಲ."

"ಮತ್ತೆ ಊಟ ಯಾರಿಗೆ ಹಾಕ್ತಿದೀರಿ?"

"ಇಲ್ಲದ ಮೀನಿಗೆ ದಿನಾ ಊಟ ಹಾಕ್ತಾರೆ," ಎಂದು ಹೆಂಡತಿ ಉತ್ತರಿಸುತ್ತಿದ್ದಳು. "ಇರೋ ಹೆಂಡತಿಗೆ ಊಟ ಆಯ್ತಾ ಅಂತ ಕೇಳಲ್ಲ. ಹಾರಿಹೋಗೋ ಮುಂಚೆ ಆ ಗಿಳಿಯಾದ್ರೂ ಕೇಳ್ತು."

ಆದರೆ ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಒಂದು ಕಡ್ಡಿಯ ಬುಡದಲ್ಲಿ, ಬೆಕ್ಕಿನ ಕಿವಿಯಷ್ಟು ಪುಟ್ಟದಾಗಿ, ಎಳೆ ಹಸಿರಿನ ಒಂದು ಹೊಸ ಎಲೆ. ನೀರನ್ನು ಪರೀಕ್ಷಿಸುವ ಸೀಸೆಗೆ ಹನಿ ಹಾಕಿ ಅಲ್ಲಾಡಿಸಿದ. ಹಳದಿ. ಹಳದಿ ಎಂದರೆ ವಿಷವಿಲ್ಲ, ತೊಟ್ಟಿ ಸಿದ್ಧ. ಅವನು ಒಂದು ದಿನದ ರಜೆ ಹಾಕಿ, ಏಳು ವರ್ಷದಲ್ಲಿ ಮೊದಲ ಬಾರಿಗೆ ನಿಧಾನವಾಗಿ, ಹಾಡಿಕೊಂಡು ಸ್ನಾನ ಮಾಡಿದ್ದ. ಆ ಹಾಡಿನ ಹೊತ್ತಿನಲ್ಲೇ ನರ್ಸಮ್ಮ ಒಲೆಯ ಮೇಲೆ ನೀರಿಟ್ಟಿದ್ದು.

*

"ನೀರಲ್ಲಿ ಹೋಮ ಮಾಡಿದ ಹಾಗಾಯ್ತು," ಎಂದಳು ಹೆಂಡತಿ, ತಂತಿಯ ಮೇಲಿನ ಸ್ಪಂಜನ್ನು ನೋಡಿ. "ಈಗೇನ್ಮಾಡ್ತೀರಿ?"

ಗ್ರಂಥಪಾಲ ಪುಸ್ತಕದ ನಲವತ್ತೆರಡನೇ ಪುಟ ತೆಗೆದಿದ್ದ. ಅವಸರವಿರುವವರಿಗೆ ಅಲ್ಲಿ ಒಂದು ದಾರಿ ಹೇಳಿತ್ತು: ಆರೋಗ್ಯವಾಗಿರುವ ಹಳೆಯ ತೊಟ್ಟಿಯೊಂದರಿಂದ ಬಳಸಿದ ಸ್ಪಂಜನ್ನು ತಂದು ಹಾಕಿ. ಒಂದು ಹಿಡಿ ಹಳೆಯ ಕೊಳೆ ಸಾಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ.

"ಕೊಳೆ ತರಬೇಕು," ಎಂದ ಅವನು.

"ಐದು ಗಂಟೆ ಒಳಗೆ."

"ಕೊಳೆ ತಾನೆ. ಈ ಊರಲ್ಲಿ ಕೊಳೆಗೇನು ಬರ?"

ಸಾಕುವ ಮೀನಿನ ಅಂಗಡಿ ಇದ್ದದ್ದು ಊರಿಗೊಂದೇ. ಗುರುವಾರ ಅದು ತೆರೆಯುವುದು ಮೂರು ಗಂಟೆಗೆ. ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಅವನಿಂದ ಆಗಲಿಲ್ಲ. ಮೀನಿನ ತೊಟ್ಟಿ ಕಂಡ ನೆನಪಿದ್ದ ಜಾಗಗಳು ಎರಡು. ಮೊದಲನೆಯದು ದಂತವೈದ್ಯರ ಕ್ಲಿನಿಕ್ಕು.

ಅಲ್ಲಿ ಐದು ಜನ ದವಡೆ ಹಿಡಿದುಕೊಂಡು, ತೊಟ್ಟಿಯ ಮೀನುಗಳನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತ ಕೂತಿದ್ದರು. ಮುಕ್ಕಾಲು ಗಂಟೆಯ ಮೇಲೆ ಅವನ ಸರದಿ ಬಂತು.

"ಎಷ್ಟು ದಿನದಿಂದ?" ಎಂದರು ವೈದ್ಯರು.

"ಇವತ್ತು ಬೆಳಿಗ್ಗೆಯಿಂದ. ಆದ್ರೆ ಇದು ಹಲ್ಲಿನ…"

"ಬಾಯಿ ತೆಗೀರಿ."

ವಿವರಿಸಲೆಂದು ಅವನು ಬಾಯಿ ತೆಗೆದ. ತೆಗೆದದ್ದೇ ತಡ, ಒಳಗೊಂದು ಕನ್ನಡಿ ಹೋಯಿತು. ಕನ್ನಡಿ ಹೊರಬಂದ ಮೇಲೆ ಅವನು ಒಂದೇ ಉಸಿರಿನಲ್ಲಿ, "ಡಾಕ್ಟ್ರೇ, ನನಗೆ ನಿಮ್ಮ ತೊಟ್ಟಿಯ ಕೊಳೆ ಬೇಕು," ಎಂದ.

ವೈದ್ಯರು ಮುಖಗವಸು ಕೆಳಗಿಳಿಸಿದರು. "ನನ್ನ ಕ್ಲಿನಿಕ್ಕಲ್ಲಿ ಕೊಳೆ?"

"ಸ್ಪಂಜಲ್ಲಿರತ್ತಲ್ಲ, ಅದು."

"ಆ ಸ್ಪಂಜನ್ನ ದಿನಾ ಬೆಳಿಗ್ಗೆ, ಸಂಜೆ ಬ್ರಷ್ ಹಾಕಿ ಉಜ್ಜಿಸ್ತೀನಿ. ದಿನಕ್ಕೆರಡು ಸಲ ಉಜ್ಜದೇ ಇರೋದು ಯಾವುದೂ ಈ ಕಟ್ಟಡದಲ್ಲಿಲ್ಲ."

"ಹಾಗಾದ್ರೆ ಮೀನು ಹೇಗೆ ಬದುಕಿವೆ?"

"ಬದುಕಲ್ಲ. ತಿಂಗಳಿಗೊಂದು ಸಲ ಹೊಸದು ತರಿಸ್ತೀನಿ," ಎಂದರು ವೈದ್ಯರು, ಇದರಲ್ಲಿ ಕೇಳುವಂಥದ್ದೇನಿದೆ ಎಂಬಂತೆ. "ನಿಮ್ಮ ಕೆಳಸಾಲಿನ ಕೊನೇ ಹಲ್ಲು ಹುಳುಕಾಗಿದೆ. ಕೊಳೆ ಬೇಕಾದ್ರೆ ಅಲ್ಲೇ ಧಾರಾಳವಾಗಿದೆ. ಮುಂದಿನವರು ಬನ್ನಿ."

ಎರಡನೆಯದು ದೊಡ್ಡ ರಸ್ತೆಯ ಹೋಟೆಲು. ಮಧ್ಯಾಹ್ನದ ಊಟದ ಹೊತ್ತು. ತಟ್ಟೆಗಳ ಸದ್ದು, ಅಡಿಗೆಮನೆಯ ದೊಡ್ಡ ಫ್ಯಾನಿನ ಸದ್ದು. ಬಾಗಿಲ ಬಳಿಯ ತೊಟ್ಟಿಯಲ್ಲಿ ಮೂರು ಮೀನುಗಳು ಗಂಭೀರವಾಗಿ ಸುತ್ತುತ್ತಿದ್ದವು. ಗ್ರಂಥಪಾಲ ಹೇಳಿದ್ದು ಮ್ಯಾನೇಜರನಿಗೆ ಎರಡು ಸಲ ಕೇಳಿಸಲಿಲ್ಲ. ಮೂರನೇ ಸಲ ಅವನು ಗಂಟಲೆತ್ತುವುದಕ್ಕೂ ಅಡಿಗೆಮನೆಯ ಫ್ಯಾನು ನಿಲ್ಲುವುದಕ್ಕೂ ಸರಿಹೋಯಿತು.

"ನಿಮ್ಮಲ್ಲಿ ಹಳೇ ಕೊಳೆ ಸಿಗತ್ತೆ ಅಂತ ಬಂದೆ!"

ಹೋಟೆಲಿನ ತುಂಬ ಚಮಚಗಳು ಅಲ್ಲಲ್ಲೇ ನಿಂತವು. ಕಿಟಕಿಯ ಬಳಿ ಕೂತಿದ್ದ ಮುದುಕರೊಬ್ಬರು ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಅದರೊಳಗೆ ಇಣುಕಿ ನೋಡಿದರು.

ಮ್ಯಾನೇಜರ್ ನಗುತ್ತಲೇ ಅವನ ಮೊಣಕೈ ಹಿಡಿದು ಹೊರಗೆ ಕರೆತಂದ. ಹೊರಗೆ ಬಂದ ಮೇಲೆ ನಗಲಿಲ್ಲ. "ಯಾವ ಹೋಟೆಲಿನವರು ಕಳಿಸಿದ್ದು ನಿಮ್ಮನ್ನ?"

"ಯಾರೂ ಕಳಿಸಿಲ್ಲ. ನನ್ನ ಸ್ವಂತ ಅಗತ್ಯ. ನಿಮ್ಮ ಮೀನಿನ ತೊಟ್ಟೀಲಿರೋ ಸ್ಪಂಜು…"

"ಸ್ವಾಮಿ, ಅವು ಪ್ಲಾಸ್ಟಿಕ್ ಮೀನು. ಕೆಳಗೆ ಮೋಟರ್ ಇದೆ. ಕೊಳೆ ಬೇಕಾದ್ರೆ ಎದುರಿನ ಹೋಟೆಲಿಗೆ ಹೋಗಿ, ಅವರ ಅಡಿಗೆಮನೇಲೇ ಬೇಕಾದಷ್ಟಿದೆ. ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡಿ."

ಗ್ರಂಥಪಾಲ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ. ಕಾಲು ಉರಿಯುತ್ತಿತ್ತು. ಹುಳುಕಿದೆ ಎಂದು ಹೇಳಿಸಿಕೊಂಡ ಹಲ್ಲು ಅದುವರೆಗೆ ಸುಮ್ಮನಿದ್ದದ್ದು ಈಗ ನೋಯತೊಡಗಿತ್ತು. ಫೋನ್ ಬಂತು.

"ಸಿಕ್ತಾ?" ಎಂದಳು ಹೆಂಡತಿ.

"ಎಲ್ಲಿ ಸಿಗತ್ತೆ? ಇಡೀ ಊರು ಸುತ್ತಿದೆ. ಎಲ್ಲಿ ನೋಡಿದ್ರೂ ಕ್ಲೀನು. ಒಂದು ಹಿಡಿ ಕೊಳೆ ಇಲ್ಲ ಈ ಊರಲ್ಲಿ!"

ಪಕ್ಕದಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಬೆನ್ನು ನೆಟ್ಟಗೆ ಮಾಡಿ, ಪೊರಕೆಯ ಮೇಲೆ ಎರಡೂ ಕೈಯಿಟ್ಟು, ಅವನನ್ನು ನೋಡಿದಳು. "ಬಾಳ ಉಪಕಾರ ಸ್ವಾಮಿ. ಹದಿನೆಂಟು ವರ್ಷ ಆಯ್ತು ಗುಡಿಸಕ್ಕೆ ಶುರುಮಾಡಿ. ಇವತ್ತಿಗೆ ಒಬ್ರು ಹೇಳಿದ್ರಿ."

*

ಮೀನಂಗಡಿ ನೆಲಮಾಳಿಗೆಯಲ್ಲಿತ್ತು, ಕಡಿದಾದ ಹತ್ತೊಂಬತ್ತು ಮೆಟ್ಟಿಲು ಇಳಿಯಬೇಕು. ಕೆಳಗೆ ಹಸಿರು ಬೆಳಕು, ನೂರಾರು ಗುಳುಗುಳು. ಅಂಗಡಿಯವನು ಮೀನುಗಳಿಗೆ ಎಚ್ಚರವಾದೀತು ಎಂಬ ಹಾಗೆ ಪಿಸುಗುಟ್ಟಿಕೊಂಡೇ ಮಾತಾಡುವ ಮನುಷ್ಯ.

"ಬೇಯಿಸಿಬಿಟ್ರಾ?" ಎಂದ ಅವನು, ಸಾವಿನ ಸುದ್ದಿ ಕೇಳಿದವನಂತೆ.

"ಇಪ್ಪತ್ತು ನಿಮಿಷ."

"ಛೆ ಛೆ ಛೆ."

"ಒಂದು ಹಳೇ ಸ್ಪಂಜು ಕೊಡಿ. ಕೈಮುಗೀತೀನಿ. ಐದಕ್ಕೆ ಮೀನು ಬರತ್ತೆ. ಬರೀ ಮೀನಲ್ಲ, ಅತ್ತೆ ಸಮೇತ."

ಅಂಗಡಿಯವನು ಒಂದೊಂದೇ ತೊಟ್ಟಿಯ ಮುಂದೆ ನಿಂತು ತಲೆಯಾಡಿಸುತ್ತ ಹೋದ. ಇದರದ್ದು ಕೊಟ್ಟರೆ ಇವು ಉಳಿಯಲ್ಲ, ಅದರದ್ದು ಕೊಟ್ಟರೆ ಅವು ಉಳಿಯಲ್ಲ. ಕೊನೆಗೆ ಮೂಲೆಯ ಒಂದು ಪುಟ್ಟ ತೊಟ್ಟಿಯ ಎದುರು ನಿಂತ. ಒಳಗೆ ಹೆಬ್ಬೆರಳಷ್ಟು ಒಂದೇ ಒಂದು ಕಿತ್ತಳೆ ಮೀನು, ಮತ್ತು ಕೊಳಕಿನಿಂದ ಕಪ್ಪಾದ, ಕೊಬ್ಬಿದ, ಅದ್ಭುತವಾದ ಒಂದು ಸ್ಪಂಜು. ಗ್ರಂಥಪಾಲನಿಗೆ ಬಾಯಲ್ಲಿ ನೀರೂರಿತು.

"ಇದನ್ನ ಕೊಡಬಹುದು," ಎಂದ ಅಂಗಡಿಯವನು. "ಈ ಮೀನು ಒಬ್ಬರು ಹಿರಿಯರಿಗೆ ಅಂತ ಎತ್ತಿಟ್ಟಿದ್ದು. ಹಳೇ ಗಿರಾಕಿ. ಅವರಿಗೆ ಎಡಗೆನ್ನೆ ಮೇಲೆ ಬಿಳಿ ಬೊಟ್ಟು ಇರೋದೇ ಆಗ್ಬೇಕು. ಒಂದ್ಸಲ ಬಲಗೆನ್ನೆ ಬೊಟ್ಟಿಂದು ಕೊಟ್ಟೆ, ಅವತ್ತೇ ವಾಪಸ್ ತಂದ್ರು."

"ಎಂಥೆಂಥ ಹುಚ್ಚರಿರ್ತಾರಪ್ಪ," ಎಂದ ಗ್ರಂಥಪಾಲ.

"ನೀವು ಈ ಬಲೆ ತಗೊಂಡು ಇದನ್ನ ಹಿಡಿದು ನಿಮ್ಮ ಬೆನ್ನ ಹಿಂದಿರೋ ತೊಟ್ಟಿಗೆ ಬಿಡಿ. ಸಣ್ಣ ಮೀನುಗಳು ಇದಾವಲ್ಲ, ಅದಕ್ಕೆ. ನಾನು ಸ್ಪಂಜಿಗೆ ಒಂದು ಕವರ್ ತರ್ತೀನಿ."

ಗ್ರಂಥಪಾಲ ಅಂಗಿಯ ತೋಳು ಮಡಚದೆಯೇ ಕೈ ಮುಳುಗಿಸಿ, ಮೂರನೇ ಪ್ರಯತ್ನಕ್ಕೆ ಮೀನು ಹಿಡಿದು, ಹಿಂದಕ್ಕೆ ತಿರುಗಿದ. ಅಲ್ಲಿ ಎರಡು ತೊಟ್ಟಿಗಳಿದ್ದವು. ಒಂದರಲ್ಲಿ ಸಣ್ಣ ಮೀನುಗಳು ಸಂಜೆಯ ಬಸ್ಸಿನ ಹಾಗೆ ಕಿಕ್ಕಿರಿದಿದ್ದವು. ಪುಸ್ತಕದ ಹದಿನೇಳನೇ ಪುಟ ಇಕ್ಕಟ್ಟನ್ನು ಕ್ರೌರ್ಯ ಎಂದು ಕರೆದಿತ್ತು. ಪಕ್ಕದ್ದು ದೊಡ್ಡ ತೊಟ್ಟಿ. ತಿಳಿನೀರು, ವಿಶಾಲ ಜಾಗ, ನಡುವೆ ಒಂದು ಕಲ್ಲು, ಅಷ್ಟೇ. ಇಪ್ಪತ್ತಾರು ದಿನ ಖಾಲಿ ತೊಟ್ಟಿಯ ಮುಂದೆ ಕೂತವನಿಗೆ ಖಾಲಿ ತೊಟ್ಟಿಯಷ್ಟು ನಿರಪಾಯದ ವಸ್ತು ಈ ಲೋಕದಲ್ಲಿ ಇನ್ನೊಂದು ಕಾಣಲಿಲ್ಲ.

ಪಾಪ, ಆರಾಮಾಗಿರಲಿ, ಎಂದುಕೊಂಡು ಬಲೆಯನ್ನು ಅದರೊಳಗೆ ಮಗುಚಿದ.

ಕಲ್ಲು ಕಣ್ಣು ಬಿಟ್ಟಿತು.

ಆಮೇಲೆ ಕಲ್ಲಿಗೆ ಬಾಯಿಯೂ ಇದೆ ಎಂದು ಗೊತ್ತಾಯಿತು. ಅದು ತೆರೆದು ಮುಚ್ಚಿದ್ದು ಚೆನ್ನಾಗಿ ಎಣ್ಣೆ ಹಾಕಿದ ಬಾಗಿಲಿನಷ್ಟು ಮೆತ್ತಗೆ. ನೀರು ಕದಡಲೂ ಇಲ್ಲ.

ಅಂಗಡಿಯವನು ಕವರ್ ಹಿಡಿದು ಬಂದು ಬರಿದಾದ ಬಲೆ ನೋಡಿದ, ದೊಡ್ಡ ತೊಟ್ಟಿ ನೋಡಿದ. ಅವನ ಪಿಸುದನಿ ಇನ್ನೂ ಸಣ್ಣದಾಯಿತು. "ಅದಕ್ಕಾ ಬಿಟ್ರಿ?"

"ಜಾಗ ಇತ್ತು."

"ಅದು ಜಾಗ ಮಾಡಿಕೊಂಡಿದ್ದು ಸ್ವಾಮಿ. ಹೋದ ತಿಂಗಳವರೆಗೂ ಅಲ್ಲಿ ಹನ್ನೆರಡು ಇದ್ವು."

ಗ್ರಂಥಪಾಲ ಬೆಲೆ ಕೊಡುತ್ತೇನೆಂದ. ಅಂಗಡಿಯವನು ಬೇಡವೆಂದ, ಅಂಥದ್ದು ಇನ್ನೊಂದು ಸಿಗಲು ಆರು ತಿಂಗಳು ಬೇಕು, ಆ ಹಿರಿಯರಿಗೆ ಏನು ಹೇಳಲಿ ಎಂಬುದೊಂದೇ ಅವನ ಚಿಂತೆ.

"ಬೇರೆ ಯಾವುದಾದ್ರೂ ಕೊಡಿ," ಎಂದ ಗ್ರಂಥಪಾಲ, ಗಡಿಯಾರ ನೋಡುತ್ತ. ನಾಲ್ಕಾಗಿತ್ತು. "ಮೀನು ಮೀನೇ ತಾನೆ. ಯಾರು ಅದರ ಕೆನ್ನೆ ನೋಡ್ಕೊಂಡು ಕೂತಿರ್ತಾರೆ?"

ಅಂಗಡಿಯವನು ನಿಟ್ಟುಸಿರಿಟ್ಟು ಸ್ಪಂಜನ್ನು ಕವರಿಗೆ ಹಾಕಿ ಗಂಟು ಕಟ್ಟಿದ. "ಅಂದ ಹಾಗೆ, ನಿಮ್ಮ ತೊಟ್ಟೀಲಿ ಗಿಡ ಇದಾವಾ?"

"ಹದಿನಾಲ್ಕು. ಇವತ್ತು ಒಂದು ಹೊಸ ಎಲೆ ಬಿಟ್ಟಿದೆ."

"ಬರೋ ಮೀನು ಎಷ್ಟು ದೊಡ್ಡದು?"

"ಹೆಬ್ಬೆರಳಷ್ಟಿದೆಯಂತೆ."

"ಹಾಗಾದ್ರೆ ಸ್ಪಂಜೇ ಬೇಕಿರ್ಲಿಲ್ಲವಲ್ಲ. ಗಿಡ ಚಿಗುರೋಕೆ ಶುರುವಾದ್ರೆ ಅಷ್ಟು ಸಣ್ಣ ಮೀನಿನ ಹೊಲಸನ್ನ ಅವೇ ಕುಡೀತಾವೆ. ಜಲ್ಲೀಲೂ ನಿಮ್ಮ ಜೀವಿಗಳು ಇದ್ದೇ ಇರ್ತಾವೆ. ಪುಸ್ತಕದಲ್ಲಿ ಬರೆದಿರತ್ತೆ ನೋಡಿ."

ಗ್ರಂಥಪಾಲ ನಲವತ್ತೆರಡರಿಂದ ನಲವತ್ತೈದಕ್ಕೆ ಜಿಗಿಯುವ ಪುಸ್ತಕವನ್ನು ನೆನೆಯುತ್ತ ಹತ್ತೊಂಬತ್ತು ಮೆಟ್ಟಿಲು ಹತ್ತಿದ.

*

ಅವನು ಮನೆ ತಲುಪಿದಾಗ ಅತ್ತೆ ಮಾವ ಬಂದಾಗಿತ್ತು. ಅತ್ತೆ ಸೋಫಾದ ನಡುವೆ, ತೊಡೆಯ ಮೇಲೆ ಮುಚ್ಚಳದ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ನರ್ಸಮ್ಮ. ಮಾವ ಮೂಲೆಯ ಕುರ್ಚಿಯಲ್ಲಿ, ಯಾರದೋ ಮನೆಗೆ ಲಗೇಜು ತಲುಪಿಸಲು ಬಂದವರ ಹಾಗೆ.

"ಬಂದ್ರಾ ಗಿಳಿ ಹಾರಿಸಿದವರು," ಎಂದರು ಅತ್ತೆ.

ಅವನು ನೇರವಾಗಿ ತೊಟ್ಟಿಯ ಬಳಿ ಹೋಗಿ ಕವರ್ ಬಿಚ್ಚಿದ. ಕಪ್ಪು ಸ್ಪಂಜು ನೀರಿಗಿಳಿದು, ಒಂದು ಮೋಡ ಬಿಟ್ಟು, ಗುಳುಗುಳು ಎಂದಿತು.

"ಅಯ್ಯಯ್ಯೋ!" ನರ್ಸಮ್ಮ ಎದ್ದುನಿಂತರು. "ಬೆಳಿಗ್ಗೆಯಿಂದ ಇದನ್ನ ಹುಡುಕಕ್ಕಾ ಹೋಗಿದ್ದು?"

"ಮುಟ್ಟಬೇಡಿ," ಎಂದ ಗ್ರಂಥಪಾಲ. ಅವನ ದನಿಯಲ್ಲಿದ್ದ ದಣಿವಿಗೆ ಹೆದರಿ ನರ್ಸಮ್ಮ ಕೂತರು.

ಅತ್ತೆ ಎದ್ದು ಬಂದು ತೊಟ್ಟಿಯನ್ನು ಮೂರು ಕಡೆಯಿಂದ ನೋಡಿದರು. ಕಡ್ಡಿಗಳನ್ನು ಎಣಿಸಿದರು. ಹೊಸ ಎಲೆಯ ಮುಂದೆ ನಿಂತರು.

"ಇದೆಲ್ಲ ನೀವೇ ನೆಟ್ಟಿದ್ದಾ?"

"ಹೌದು."

"ನಮ್ಮ ದೊರೆಗೆ ಅಂತ?"

"ಇಪ್ಪತ್ತಾರು ದಿನದಿಂದ," ಎಂದಳು ಹೆಂಡತಿ ಒಳಗಿನಿಂದ. ಪರ ನಿಲ್ಲುವುದಿಲ್ಲ ಎಂದವಳು ಅಷ್ಟು ಮಾತ್ರ ನಿಂತಳು.

ಅತ್ತೆ ಡಬ್ಬಿಯನ್ನು ಬಾಗಿಸಿದರು. ದೊರೆ ನೀರಿಗಿಳಿದ, ಸುಧಾರಿಸಿಕೊಂಡ, ಒಂದು ಸುತ್ತು ಹಾಕಿದ. ನೇರವಾಗಿ ಹೊಸ ಎಲೆಯ ಬಳಿ ಹೋಗಿ ಅದನ್ನು ತಿಂದ.

"ನೋಡಿ, ಅಷ್ಟೇ ತಿಂತಾನೆ," ಎಂದರು ಅತ್ತೆ ಹೆಮ್ಮೆಯಿಂದ. "ಮಿತಾಹಾರಿ. ಒಂಬತ್ತು ವರ್ಷ ಆಯ್ತು, ಒಂದು ಎಳೆ ಬೆಳೆದಿಲ್ಲ, ಒಂದು ಎಳೆ ದಪ್ಪ ಆಗಿಲ್ಲ. ಇವರೂ ಇದಾರೆ ಅಲ್ಲಿ." ಮಾವ ಹೊಟ್ಟೆಯನ್ನು ಸ್ವಲ್ಪ ಒಳಗೆಳೆದುಕೊಂಡರು. "ಅಷ್ಟು ದೂರ ಯಾಕೆ ನಿಂತಿದೀರಿ? ಪರವಾಗಿಲ್ಲ, ಹತ್ರ ಬನ್ನಿ."

ಏಳು ವರ್ಷದ ಮೇಲೆ ಬಂದ ಕರೆ. ಗ್ರಂಥಪಾಲ ಗಾಜಿಗೆ ಮೂಗು ತಾಗುವಷ್ಟು ಬಾಗಿದ. ದೊರೆ ಬಾಲ ಬೀಸುತ್ತ ಎದುರಿನಿಂದ ಹಾದುಹೋದ. ಅವನ ಎಡಗೆನ್ನೆಯ ಮೇಲೆ, ಹಲ್ಲುಪುಡಿ ಅಂಟಿದ ಹಾಗೆ, ಒಂದು ಬಿಳಿ ಬೊಟ್ಟು.

"ಸ್ವಲ್ಪ ಬಾಲ್ಕನಿಗೆ ಬನ್ನಿ," ಎಂದರು ಮಾವ, ಭುಜ ತಟ್ಟಿ. "ಗಾಳಿ ಬರತ್ತೆ."

*

ಬಾಲ್ಕನಿಯಲ್ಲಿ ಬೆಳ್ಳಗಿನ ಸ್ಪಂಜು ಇನ್ನೂ ತಂತಿಯ ಮೇಲಿತ್ತು. ಮಾವ ಅದರ ಮರೆಗೆ ನಿಂತು ಬಾಗಿಲು ಮುಂದೆ ಮಾಡಿದರು.

"ಇದು ಏಳನೇದು," ಎಂದರು.

"ಯಾವುದು?"

"ದೊರೆ. ಮೊದಲನೇದು ಹೋಗಿ ಎಂಟು ವರ್ಷ ಆಯ್ತು. ಅವಳು ಎರಡು ದಿನ ಊಟ ಬಿಡ್ತಾಳೆ ಅಂತ ಗೊತ್ತಿತ್ತು, ಅದಕ್ಕೆ ಅವಳು ಏಳೋ ಮುಂಚೆ ಹೋಗಿ ಅಂಥದ್ದೇ ತಂದುಬಿಟ್ಟೆ. ಒಂದ್ಸಲ ಶುರುಮಾಡಿದ ಮೇಲೆ ನಿಲ್ಲಿಸೋದು ಹೇಗೆ? ಗಿಳಿ ಹೋದಾಗ ನನ್ನ ಕೈಲಿ ಏನೂ ಆಗ್ಲಿಲ್ಲ. ಅದು ಮಾತಾಡ್ತಿತ್ತು. ಮೀನಿಂದು ಆ ತೊಂದರೆ ಇಲ್ಲ." ಮಾವ ಮೊಣಕಾಲು ನೀವಿಕೊಂಡರು. "ಅಂಗಡಿಗೆ ಹತ್ತೊಂಬತ್ತು ಮೆಟ್ಟಿಲು. ಇನ್ನು ನನ್ನಿಂದ ಆಗಲ್ಲ. ಇನ್ಮೇಲೆ ನೀವೇ ನೋಡ್ಕೋಬೇಕು. ಈ ಏಳನೇದು ಎರಡು ದಿನದಿಂದ ಒಂದು ಪಕ್ಕಕ್ಕೆ ವಾಲ್ತಾ ಇದೆ. ಹೆಚ್ಚು ಹೊತ್ತಿಲ್ಲ. ಯೋಚನೆ ಮಾಡ್ಬೇಡಿ, ಅಂಗಡಿಯವನು ಒಂದು ಎತ್ತಿಟ್ಟಿದಾನೆ. ಇರಿ, ಅಳಿಯ ಬರ್ತಾರೆ ಅಂತ ಹೇಳ್ಬಿಡ್ತೀನಿ."

"ಮಾವ, ಒಂದ್ನಿಮಿಷ…"

ಮಾವ ಆಗಲೇ ಫೋನ್ ಕಿವಿಗೆ ಹಿಡಿದಿದ್ದರು. ಅಂಗಡಿಯಲ್ಲಿ ಪಿಸುಗುಟ್ಟುವ ಮನುಷ್ಯ ಫೋನಿನಲ್ಲಿ ಕೂಗುತ್ತಾನೆಂದು ಗ್ರಂಥಪಾಲನಿಗೆ ಆಗ ಗೊತ್ತಾಯಿತು.

"ಏನ್ ಹೇಳ್ಲಿ ಸಾರ್! ಮಧ್ಯಾಹ್ನ ಒಬ್ಬ ಬಂದಿದ್ದ. ಕೊಳೆ ಬೇಕು, ಕೊಳೆ ಬೇಕು ಅಂತ. ಪುಸ್ತಕ ಓದಿಕೊಂಡಿರೋ ಥರ ಇದ್ದ. ನಿಮ್ಮ ಮೀನನ್ನ ತಗೊಂಡೋಗಿ ನಮ್ಮ ದೊಡ್ಡದರ ಬಾಯಿಗೇ ಹಾಕಿಬಿಟ್ಟ ಸಾರ್! ಮೀನು ಮೀನೇ ತಾನೆ ಅಂತಾನೆ!"

ಮಾವ ಫೋನ್ ಹಿಡಿದುಕೊಂಡೇ ಅಳಿಯನನ್ನು ನೋಡಿದರು. ಅವನ ಅಂಗಿಯ ಬಲತೋಳು ಭುಜದವರೆಗೆ ಒದ್ದೆಯಾಗಿತ್ತು. ಅದರ ಮೇಲೆ ಒಂದು ಎಳೆ ಪಾಚಿ.

"ಇನ್ನೊಂದು ಯಾವಾಗ ಸಿಗತ್ತೆ?" ಎಂದರು ಮಾವ ಫೋನಿಗೆ.

"ಆರು ತಿಂಗಳು ಸಾರ್. ಆವತ್ತು ನೀವು ವಾಪಸ್ ತಂದಿರಲ್ಲ, ಬಲಗೆನ್ನೆದು, ಅದೊಂದಿದೆ."

ಒಳಗಿನಿಂದ ಅತ್ತೆಯ ದನಿ ಬಂತು. "ಅಳಿಯಂದಿರೇ!"

ಇಬ್ಬರೂ ಅಲ್ಲಾಡದೆ ನಿಂತರು. ಏಳು ವರ್ಷದಲ್ಲಿ ಆ ಬಾಯಲ್ಲಿ ಆ ಮಾತು ಬಂದಿರಲಿಲ್ಲ.

"ಅಳಿಯಂದಿರೇ, ದೊರೆ ಯಾಕೋ ಒಂದು ಪಕ್ಕಕ್ಕೆ ಮಲಗ್ತಿದಾನೆ! ಬೇಗ ಬನ್ನಿ, ಇದೆಲ್ಲ ನಿಮಗೇ ಚೆನ್ನಾಗಿ ಗೊತ್ತು!"

"ಕೊಳೆ," ಎನ್ನುವುದು ಕೇಳಿಸಿತು, ನರ್ಸಮ್ಮನ ದನಿಯಲ್ಲಿ. "ನಾನು ಬೆಳಿಗ್ಗೆನೇ ಹೇಳಿದ್ದೆ."

ಮಾವ ಫೋನನ್ನು ಜೇಬಿಗಿಳಿಸಿದರು.

"ಬಲಗೆನ್ನೆದನ್ನೇ ತರೋಣ," ಎಂದರು ಮೆಲ್ಲಗೆ. "ಮೀನು ಯಾವಾಗಲೂ ಒಂದೇ ದಿಕ್ಕಿಗೆ ಈಜೋ ಹಾಗೆ ಮಾಡೋದು ಹೇಗೆ ಅಂತ ನಿಮ್ಮ ಪುಸ್ತಕದಲ್ಲಿ ಏನಾದ್ರೂ ಇದೆಯಾ?"

"ಇದ್ದಿರಬಹುದು," ಎಂದ ಗ್ರಂಥಪಾಲ, ಒದ್ದೆ ತೋಳನ್ನು ಮಡಚುತ್ತ. "ನಲವತ್ತಮೂರು, ನಲವತ್ತನಾಲ್ಕನೇ ಪುಟದಲ್ಲಿ."